ಹಿಂದಿನ ಸಾಲಿನ ಹೂಂ

ಸೆಪ್ಟೆಂಬರ್ 4, ಗುರುವಾರ

ಇವತ್ತು ಅಮ್ಮನನ್ನು ಸಭಾಂಗಣಕ್ಕೆ ಕರೆದುಕೊಂಡು ಹೋದೆ. ಬೇರೆ ದಾರಿ ಇರಲಿಲ್ಲ. ಹಗಲು ಹೊತ್ತು ಎದುರು ಮನೆಯ ಟೈಲರಮ್ಮ ಅವಳನ್ನು ತನ್ನ ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡಿರುತ್ತಾಳೆ. ಐದಾಯಿತು ಅಂದರೆ ಅವಳಿಗೂ ಮನೆ, ಮಕ್ಕಳು, ಒಲೆ. ಬೇರೆ ದಿನ ಐದಕ್ಕೆ ನಾನೂ ಬಂದುಬಿಡುತ್ತೇನೆ. ಗುರುವಾರ ಆಗುವುದಿಲ್ಲ. ರಜೆ ಮುಗಿದು, ವಿಶ್ವವಿದ್ಯಾಲಯದಲ್ಲಿ ಗುರುವಾರದ ಉಪನ್ಯಾಸಗಳು ಇವತ್ತಿನಿಂದ ಮತ್ತೆ ಶುರುವಾದವು. ಸಂಜೆ ಆರಕ್ಕೆ, ಊರವರು ಯಾರು ಬೇಕಾದರೂ ಬಂದು ಕೇಳಬಹುದು. ಬಾಗಿಲು ತೆಗೆಯುವುದು, ಹೂಜಿಗೆ ನೀರು ತುಂಬುವುದು, ಮೇಜಿನ ಮೇಲೆ ಬಂದವರ ಹೆಸರಿನ ಫಲಕ ನಿಲ್ಲಿಸುವುದು, ಕೊನೆಗೆ ಪ್ರಶ್ನೆ ಕೇಳುವವರ ಹತ್ತಿರ ಮೈಕು ಹಿಡಿದು ಓಡುವುದು, ಇಷ್ಟು ನನ್ನ ಕೆಲಸ. ಹನ್ನೊಂದು ವರ್ಷದಿಂದ ಓಡುತ್ತಿದ್ದೇನೆ.

ಅಮ್ಮನನ್ನು ಕಟ್ಟಕಡೆಯ ಸಾಲಿನಲ್ಲಿ, ಮಡಚಿಟ್ಟ ಕುರ್ಚಿಗಳ ಪಕ್ಕ ಕೂರಿಸಿದೆ. ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಉಪನ್ಯಾಸ ಪಾಚಿಯ ಬಗ್ಗೆಯಂತೆ. ಏನು ಹೇಳಿದರೋ ನನಗೆ ಒಂದಕ್ಷರ ಗೊತ್ತಿಲ್ಲ.

ಮೇ ತಿಂಗಳಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಅಮ್ಮ ಮಾತಾಡಿಲ್ಲ. ಕಾಲು ಎಳೆದುಕೊಂಡು ನಡೆಯುತ್ತಾಳೆ, ಎಡಗೈಯಲ್ಲಿ ಉಣ್ಣುತ್ತಾಳೆ, ಬಾಯಿಂದ ಮಾತ್ರ ಒಂದು ಸೊಲ್ಲಿಲ್ಲ. ಆರು ತಿಂಗಳೊಳಗೆ ಬಂದರೆ ಬಂತು ಅಂದಿದ್ದಾರೆ ಡಾಕ್ಟರು. ಮೊದಲಾದರೆ ಅವಳ ಮಾತು ನಿಲ್ಲಿಸುವುದೇ ಒಂದು ಕೆಲಸವಾಗಿತ್ತು. ಈಗ ಮನೆಯಲ್ಲಿ ಚಮಚ ಬಿದ್ದರೂ ಬೆಚ್ಚಿ ಬೀಳುತ್ತೇನೆ.

ಅಕ್ಟೋಬರ್ ಕೊನೆಗೆ ವಯಸ್ಸಾದವರ ಆರೈಕೆ ಮನೆಯಲ್ಲಿ ಒಂದು ಕೋಣೆ ಖಾಲಿಯಾಗುತ್ತದೆ. ಅರ್ಜಿ ನಾನೇ ತುಂಬಿ ಕಳಿಸಿದ್ದೇನೆ. ಇನ್ನು ಎಂಟು ವಾರ.

ಸೆಪ್ಟೆಂಬರ್ 7, ಭಾನುವಾರ

ತಮ್ಮ ಫೋನ್ ಮಾಡಿದ್ದ. ಅವನು ರೈಲ್ವೆ ಸಿಗ್ನಲ್ ಕಚೇರಿಯಲ್ಲಿದ್ದಾನೆ, ಇಲ್ಲಿಂದ ಮೂರು ಗಂಟೆ ದಾರಿ. ಪಾಳಿ ಬದಲಾದ ಹಾಗೆ ಅವನ ದನಿಯೂ ಬದಲಾಗುತ್ತದೆ.

"ಅಮ್ಮ ಹೇಗಿದ್ದಾಳಕ್ಕ?"

"ಹಾಗೇ ಇದ್ದಾಳೆ."

"ನೀನು?"

"ನಾನೂ ಹಾಗೇ ಇದ್ದೀನಿ."

ಫೋನ್ ಇಟ್ಟು ಕ್ಯಾಲೆಂಡರಿನಲ್ಲಿ ದಿನ ಎಣಿಸಿದೆ. ಇನ್ನು ಏಳು ವಾರ, ನಾಲ್ಕು ದಿನ.

ಸೆಪ್ಟೆಂಬರ್ 18, ಗುರುವಾರ

ಇವತ್ತು ಒಂದು ವಿಚಿತ್ರ ನಡೆಯಿತು. ಆದದ್ದು ಆದ ಹಾಗೆ ಬರೆದಿಡುತ್ತೇನೆ.

ಉಪನ್ಯಾಸಕ್ಕೆ ಬಂದವಳು ಚಿಕ್ಕ ವಯಸ್ಸಿನ ಹುಡುಗಿ, ಹಕ್ಕಿಗಳ ನಿದ್ದೆಯ ಬಗ್ಗೆ ಓದಿದವಳು. ಹಾಳೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ದೀಪ ಆರಿಸಿ ಪರದೆಯ ಮೇಲೆ ಸಮುದ್ರದ ಚಿತ್ರ ಹಾಕಿದಳು. ನೀರಿನ ಮೇಲೆ ಒಂದೇ ಒಂದು ಹಕ್ಕಿ. ಅದು ವಾರಗಟ್ಟಲೆ ನೆಲಕ್ಕಿಳಿಯುವುದಿಲ್ಲವಂತೆ.

"ಹಾರ್ತಾ ಹಾರ್ತಾನೇ ನಿದ್ದೆ ಮಾಡುತ್ತೆ. ಮಿದುಳಿನ ಒಂದು ಅರ್ಧ ಮಲಗಿರುತ್ತೆ, ಇನ್ನೊಂದು ಅರ್ಧ ದಾರಿ ನೋಡ್ತಿರುತ್ತೆ" ಅಂದು ಉಸಿರು ತೆಗೆದುಕೊಳ್ಳಲು ನಿಂತಳು.

"ಹೂಂ" ಅಂತು ಹಿಂದಿನ ಸಾಲು.

ಹುಡುಗಿ ತಲೆಯೆತ್ತಿ ನೋಡಿದಳು. ನಾನು ಬಾಗಿಲ ಹತ್ತಿರ ನಿಂತಿದ್ದವಳು ಹಾಗೇ ಗೋಡೆ ಹಿಡಿದುಕೊಂಡೆ. ಅದು ಅಮ್ಮನ ದನಿ. ಸ್ವಲ್ಪ ಒರಟಾಗಿತ್ತು, ಬಹಳ ದಿನ ಮುಚ್ಚಿದ್ದ ಬಾಗಿಲು ತೆಗೆದ ಹಾಗೆ. ಹುಡುಗಿ ಇನ್ನೊಂದು ಮಾತು ಹೇಳಿದಳು. ಮತ್ತೆ "ಹೂಂ". ಆಮೇಲೆ ಹುಡುಗಿಗೆ ಧೈರ್ಯ ಬಂತು. ಹಾಳೆ ಮೇಜಿನ ಮೇಲಿಟ್ಟು, ಹಿಂದಿನ ಸಾಲಿಗೇ ಹೇಳುವವಳ ಹಾಗೆ ಹೇಳುತ್ತಾ ಹೋದಳು.

ನಾವು ಚಿಕ್ಕವರಿದ್ದಾಗ ಅಮ್ಮ ಬಟಾಣಿ ಸುಲಿಯುತ್ತಾ ಕಥೆ ಹೇಳುತ್ತಿದ್ದಳು. ಒಂದೊಂದು ಮಾತಿಗೂ ನಾನೂ ತಮ್ಮನೂ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆ ನಿಂತಿತು. "ಕೇಳೋರಿಲ್ಲದ ಕಥೆ ದಾರಿ ತಪ್ಪಿ ಯಾರ ಮನೆಗೋ ಹೋಗಿಬಿಡುತ್ತೆ" ಅನ್ನುತ್ತಿದ್ದಳು. ಆಗ ಹೂಂಗುಟ್ಟುವ ಪಾಳಿ ನಮ್ಮದು. ಈಗ ಅವಳು ಎದ್ದು ಕೇಳುವವರ ಬದಿಗೆ ಬಂದು ಕೂತಿದ್ದಾಳೆ.

ಸೆಪ್ಟೆಂಬರ್ 19, ಶುಕ್ರವಾರ

ಡಾಕ್ಟರಿಗೆ ಫೋನ್ ಮಾಡಿದೆ. ಅದು ಮಾತಲ್ಲ, ಬರೀ ಸದ್ದು, ಆಸೆ ಇಟ್ಟುಕೊಳ್ಳಬೇಡಿ ಅಂದರು. ತಮ್ಮನಿಗೆ ಮಾಡಿದೆ. "ಹೂಂ ಅನ್ನೋದಕ್ಕೆ ನಾಲಿಗೆ ಬೇಕಾಗಿಲ್ಲ ಅಕ್ಕ" ಅಂದ.

ಸಂಜೆ ಅಮ್ಮನ ಎದುರು ಕೂತು ಪತ್ರಿಕೆ ಓದಿದೆ. ಹೂಂ ಇಲ್ಲ. ಔಷಧದ ಚೀಟಿ ಓದಿದೆ. ಇಲ್ಲ. ನನ್ನ ಮುಖವನ್ನು ಪಾಪ ಅನ್ನುವ ಹಾಗೆ ನೋಡಿದಳು, ಅಷ್ಟೆ.

ಸೆಪ್ಟೆಂಬರ್ 25, ಗುರುವಾರ

ಹಳೆಯ ನಕ್ಷೆಗಳ ಉಪನ್ಯಾಸ. ಹಿಂದಿನ ಕಾಲದ ನಕ್ಷೆ ಬರೆಯುವವರು ಕಂಡಿರದ ದ್ವೀಪಗಳನ್ನೂ ಬರೆದುಬಿಡುತ್ತಿದ್ದರಂತೆ. ನೂರು ವರ್ಷ ಹಡಗಿನವರು ಹುಡುಕಿಯೇ ಹುಡುಕಿದರಂತೆ. ಇದಕ್ಕೆ ಅಮ್ಮ ಬಹಳ ಹೂಂಗುಟ್ಟಿದಳು.

ಮೈಕಣ್ಣನಿಗೂ ಗೊತ್ತಾಗಿದೆ. ಸಭಾಂಗಣದ ಹಿಂಬದಿಯ ಗಾಜಿನ ಕೋಣೆಯಲ್ಲಿ ಕೂತು ದನಿ ಹೆಚ್ಚು ಕಡಿಮೆ ಮಾಡುವವನು. ಹೋಗುವಾಗ ನಿಲ್ಲಿಸಿ, "ತಂಗೀ, ನಿಮ್ಮಮ್ಮ ಸುಮ್ಸುಮ್ಮನೆ ಹೂಂ ಅನ್ನಲ್ಲ ಕಣೇ. ಆಯಪ್ಪ ಹಾಳೆ ನೋಡಿ ಓದಿದಾಗ ಒಂದೂ ಇಲ್ಲ. ಹಾಳೆ ಬಿಟ್ಟು ಮಾತಾಡಿದ ನೋಡು, ಶುರುವಾಯ್ತು" ಅಂದ.

ನಿಜ ಇರಬಹುದು. ಮನೆಗೆ ನಡೆದುಕೊಂಡು ಬರುವಾಗ ಅಮ್ಮನಿಗೆ ಆ ಇಲ್ಲದ ದ್ವೀಪಗಳ ಹೆಸರು ಹೇಳುತ್ತಾ ಬಂದೆ. ಮರೆತದ್ದಕ್ಕೆ ನಾನೇ ಹೆಸರಿಟ್ಟೆ. ದಾರಿಯಲ್ಲಿದ್ದ ಚರಂಡಿ ನೀರು, ಬೀದಿ ದೀಪ, ಮುಚ್ಚಿದ ಅಂಗಡಿಗಳು ಎಲ್ಲ ಒಂದೊಂದು ದ್ವೀಪದ ಹಾಗೇ ಇದ್ದವು.

ಅಕ್ಟೋಬರ್ 2, ಗುರುವಾರ

ಎಡವಟ್ಟಾಯಿತು. ಸರ್ಕಾರಿ ರಜೆಯಾದರೂ ಗುರುವಾರದ ಉಪನ್ಯಾಸ ನಡೆಯಿತು. ಭೌತಶಾಸ್ತ್ರದ ದೊಡ್ಡ ಪ್ರೊಫೆಸರು ಕಾಲ ಅಂದರೆ ಏನು ಅಂತ ಮಾತಾಡಿದರು. ಐವತ್ತು ನಿಮಿಷ ಅಮ್ಮ ತುಟಿ ಬಿಚ್ಚಲಿಲ್ಲ. ಕೊನೆಗೆ ಅವರು ಕನ್ನಡಕ ತೆಗೆದು, "ಕಾಲ ಯಾಕೆ ಮುಂದಕ್ಕೇ ಹೋಗುತ್ತೆ, ಹಿಂದಕ್ಕೆ ಯಾಕೆ ಬರಲ್ಲ ಅಂತ ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ" ಅಂದರು.

"ಹೂಂ!" ಅಂದಳು ಅಮ್ಮ, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ.

ಎಲ್ಲರೂ ಗೊಳ್ಳೆಂದು ನಕ್ಕರು. ಪ್ರೊಫೆಸರು ನಗಲಿಲ್ಲ.

ಅಕ್ಟೋಬರ್ 3, ಶುಕ್ರವಾರ

ಉಪನ್ಯಾಸಗಳ ಸಂಯೋಜಕಿ ಮೇಡಂ ಕರೆಸಿದರು. ಮೇಜಿನ ಮೇಲೆ ಪ್ರೊಫೆಸರ ದೂರು. "ನನ್ನ ಒಂದು ಗಂಟೆಯ ಉಪನ್ಯಾಸದಲ್ಲಿ ನನಗೆ ಗೊತ್ತಿಲ್ಲ ಎಂಬುದೊಂದನ್ನೇ ಹಿಂದಿನ ಸಾಲಿನವರು ಒಪ್ಪಿಕೊಂಡರು" ಅಂತ ಬರೆದಿದ್ದರು.

"ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಸಭೆ ಅಂದ್ರೆ ಸಭೆ" ಅಂದರು ಮೇಡಂ.

"ಕೆಮ್ಮೋರೂ ಇದ್ದಾರಲ್ಲ ಮೇಡಂ?"

"ಕೆಮ್ಮು ಬೇರೆ. ಕೆಮ್ಮಿಗೆ ಅಭಿಪ್ರಾಯ ಇರಲ್ಲ."

ನನಗೆ ನಗು ಬಂತು. ಅವರಿಗೂ ಬಂತು. ಇಬ್ಬರೂ ನುಂಗಿಕೊಂಡೆವು. ಇನ್ನೊಂದು ಸಲ ಹೀಗಾದರೆ ಗುರುವಾರಕ್ಕೆ ಬೇರೆಯವರನ್ನು ಹಾಕಬೇಕಾಗುತ್ತದೆ ಅಂದರು. ಗುರುವಾರ ಹೋದರೆ ನನ್ನ ಕೆಲಸದಲ್ಲಿ ಉಳಿಯುವುದು ಕಸಬರಿಗೆ ಮತ್ತು ಬೀಗದ ಕೈ. ಮೊದಲಾಗಿದ್ದರೆ ಇರಲಿ ಅನ್ನುತ್ತಿದ್ದೆನೋ ಏನೋ. ಇವತ್ತು ಹಾಗನ್ನಲಾಗಲಿಲ್ಲ. ಮುಂದಿನ ವಾರ ಮಣ್ಣಿನ ಉಪನ್ಯಾಸ ಇದೆ, ಅದನ್ನು ಕೇಳಬೇಕು ಅಂತಿದ್ದೆ.

ಮೈಕಣ್ಣ ಉಪಾಯ ಹೇಳಿದ. "ನನ್ನ ಗಾಜಿನ ಕೋಣೇಲಿ ಕೂರಿಸು. ಅಲ್ಲಿ ಗುಡುಗಿದ್ರೂ ಹೊರಗೆ ಕೇಳಲ್ಲ."

ಅಕ್ಟೋಬರ್ 9, ಗುರುವಾರ

ಮೈಕಣ್ಣನನ್ನು ಬೈಯಬೇಕೋ, ಅವನಿಗೆ ಕೈ ಮುಗಿಯಬೇಕೋ ತಿಳಿಯುತ್ತಿಲ್ಲ.

ಅಮ್ಮನನ್ನು ಅವನ ಸ್ಟೂಲಿನ ಮೇಲೆ ಕೂರಿಸಿದೆವು. ಎದುರಿಗೆ ಗಾಜು, ಗಾಜಿನಾಚೆ ಕತ್ತಲು, ಕತ್ತಲ ಕೊನೆಗೆ ವೇದಿಕೆಯ ಬೆಳಕು. ಮೀನಿನ ತೊಟ್ಟಿಯೊಳಗೆ ನಾವೇ ಇದ್ದ ಹಾಗಿತ್ತು. ಅವನು "ಹಲೋ, ಹಲೋ" ಅಂತ ಪರೀಕ್ಷೆ ಮಾಡುವ ಪುಟ್ಟ ಮೈಕು ಅದೇ ಮೇಜಿನ ಮೇಲಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಅದರ ಗುಂಡಿ ಆರಿಸಬೇಕು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಮರೆಯದವನು ಅಮ್ಮನಿಗೆ ದಿಂಬು ಹುಡುಕುವ ಗಡಿಬಿಡಿಯಲ್ಲಿ ಇವತ್ತು ಮರೆತ.

ಮಣ್ಣಿನ ಬಗ್ಗೆ ಮಾತಾಡಿದವರು ನರೆತ ಕೂದಲಿನ ಮೇಡಂ. ಅಂಗೈಯಲ್ಲಿ ಒಂದು ಹಿಡಿ ಮಣ್ಣು ಹಿಡಿದು, "ಇದು ಸತ್ತ ವಸ್ತು ಅಂತ ತಿಳ್ಕೊಂಡಿದ್ದೀವಿ. ಕಿವಿ ಇದ್ದಿದ್ರೆ ಇದರ ಉಸಿರಾಟ ಕೇಳಬಹುದಿತ್ತು" ಅಂದರು.

"ಹೂಂ."

ಛಾವಣಿಯಿಂದ ಬಂತು. ನಾಲ್ಕೂ ಮೂಲೆಯಿಂದ ಒಟ್ಟಿಗೆ ಬಂತು, ಕಟ್ಟಡವೇ ಒಪ್ಪಿಕೊಂಡ ಹಾಗೆ. ಇನ್ನೂರು ಜನ ತಲೆ ಮೇಲೆತ್ತಿದರು. ಗಾಜಿನ ಹಿಂದೆ ಮೈಕಣ್ಣ ಗುಂಡಿಯ ಕಡೆ ಕೈ ಚಾಚಿದವನು ಹಾಗೇ ಕಲ್ಲಾದ.

ಮಣ್ಣಿನ ಮೇಡಂ ಸೂರು ನೋಡಿದರು. "ಮೇಲಿನವರು ಒಪ್ಪಿದ್ರು, ಮುಂದಕ್ಕೆ ಹೋಗ್ತೀನಿ" ಅಂದರು.

ಆಮೇಲಿನದು ಕನಸಿನ ಹಾಗೆ ನಡೆಯಿತು. ಅವರು ಒಂದು ಮಾತು ಹೇಳುವುದು, ಛಾವಣಿ ಹೂಂ ಅನ್ನುವುದು. ಬೇರುಗಳು ಒಂದರ ಕೈ ಒಂದು ಹಿಡಿದದ್ದು, ಎರೆಹುಳು ನಿಧಾನವಾಗಿ ಊರಿಗೆ ಊರನ್ನೇ ಮಗುಚಿಹಾಕುವುದು. ನಾನು ಹೂಜಿ ಹಿಡಿದುಕೊಂಡು ನಡುವೆ ನಿಂತವಳು ನಿಂತೇ ಇದ್ದೆ. ನೀರಿಡುವುದು ಮರೆತೇ ಹೋಗಿತ್ತು.

ಮುಗಿದ ಮೇಲೆ ಅವರು ನೇರ ಗಾಜಿನ ಕೋಣೆಗೆ ಬಂದು ಅಮ್ಮನ ಕೈ ಹಿಡಿದುಕೊಂಡರು. "ಮೂವತ್ತು ವರ್ಷ ಪಾಠ ಮಾಡಿದ್ದೀನಿ. ಹೀಗೆ ಯಾರೂ ಕೇಳಿರಲಿಲ್ಲ." ಹಿಂದೆ ನಿಂತ ಸಂಯೋಜಕಿ ಮೇಡಂ ಸಿಟ್ಟಾಗಲು ಬಂದವರು ದಾರಿಯಲ್ಲಿ ಅದನ್ನು ಎಲ್ಲೋ ಬೀಳಿಸಿಕೊಂಡಿದ್ದರು.

ಅಕ್ಟೋಬರ್ 16, ಗುರುವಾರ

ಅಮ್ಮ ಈಗ ಮೊದಲ ಸಾಲು. ನಾವು ಒಳಗೆ ಬಂದಾಗ ಜನ ಜಾಗ ಬಿಡುತ್ತಾರೆ. ನಿವೃತ್ತ ಅಂಚೆಯಣ್ಣ, ಅಂದರೆ ಪ್ರತಿ ವಾರ ಮೊದಲ ಪ್ರಶ್ನೆ ಕೇಳಲೇಬೇಕು ಅಂತ ಪಣ ತೊಟ್ಟವರು, ಅಮ್ಮನಿಗೆ ನಮಸ್ಕಾರ ಹೇಳಿ ಕೂತರು.

ಅಕ್ಟೋಬರಿನ ಕೊನೆಯ ಗುರುವಾರ ಪ್ರತಿ ವರ್ಷ "ಊರವರ ಸಂಜೆ". ಅವತ್ತು ಪ್ರೊಫೆಸರುಗಳು ಕೆಳಗೆ, ಊರವರು ವೇದಿಕೆಯ ಮೇಲೆ. ತಮಗೆ ಗೊತ್ತಿರುವುದನ್ನು ಹತ್ತು ನಿಮಿಷ ಹೇಳಬೇಕು. ಸಂಯೋಜಕಿ ಮೇಡಂ ಪಟ್ಟಿ ತೋರಿಸಿದರು. ಮೂರನೆಯ ಹೆಸರು ನನ್ನದು.

"ನಂಗೇನು ಗೊತ್ತು ಮೇಡಂ? ಕುರ್ಚಿ ಹಾಕೋದು ಗೊತ್ತು."

"ನಿಮ್ಮಮ್ಮನ ಒಂದು ಕಥೆ ಹೇಳಿ. ಅವರು ಹೂಂ ಅನ್ನಲಿ. ಜನ ಕೇಳ್ತಿದ್ದಾರೆ."

ಆಗುವುದೇ ಇಲ್ಲ ಅಂದೆ. ಹಾಗಂದವಳು ದಾರಿಯುದ್ದಕ್ಕೂ ಯಾವ ಕಥೆ ಅಂತ ಯೋಚಿಸುತ್ತಾ ಬಂದೆ.

ಅಕ್ಟೋಬರ್ 21, ಮಂಗಳವಾರ

ಅಮ್ಮನ ತಲೆ ಬಾಚುತ್ತಾ ಬಾವಿ ತೋಡುವವನ ಕಥೆ ಶುರು ಮಾಡಿದೆ. ಹೇಳುತ್ತಾ ಹೋದ ಹಾಗೆ ಅದು ತಾನೇ ಬಂತು. ಒಂದೂರಲ್ಲಿ ಒಬ್ಬ ಬಾವಿ ತೋಡುವವನು. ತೋಡಿದ, ತೋಡಿದ, ಏಳಾಳುದ್ದ ತೋಡಿದ. ನೀರಿಲ್ಲ.

"ಹೂಂ" ಅಂದಳು ಅಮ್ಮ.

ಮನೆಯಲ್ಲಿ ಮೊದಲ ಹೂಂ! ಬಾಚಣಿಗೆ ಕೂದಲಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಮುಂದಕ್ಕೆ ಹೋದೆ. ಅವನಿಗೆ ಕೆಳಗಿನಿಂದ ಠಕ್, ಠಕ್ ಅಂತ ಸದ್ದು ಕೇಳುತ್ತದೆ. ಭೂಮಿಯ ಆ ಕಡೆಯಿಂದಲೂ ಒಬ್ಬ ತೋಡುತ್ತಿದ್ದಾನೆ. ಅವನಿಗೆ ನಮ್ಮ ನೆಲವೇ ಆಕಾಶ, ನಮ್ಮ ಮರದ ಬೇರೇ ಮೋಡ. ಕಿಟಕಿಯಿಂದ ಬಿಸಿಲು ಅಮ್ಮನ ಭುಜದಿಂದ ಮಡಿಲಿಗೆ, ಮಡಿಲಿಂದ ನೆಲಕ್ಕೆ ಇಳಿಯಿತು. ಇಬ್ಬರೂ ಭೇಟಿಯಾಗುವ ಹೊತ್ತಿಗೆ ಅಮ್ಮನಿಗೆ ನಿದ್ದೆ ಬಂದಿತ್ತು. ಆಮೇಲಿನದು ನನಗೂ ಅಷ್ಟು ನೆನಪಿಲ್ಲ, ಏನೋ ಒಂದು ಜೋಡಿಸಿಕೊಂಡಿದ್ದೇನೆ.

ಕೂತಲ್ಲೇ ನನಗೂ ಜೊಂಪು ಹತ್ತಿತು. ಎಚ್ಚರವಾದಾಗ ಕೆಲಸಕ್ಕೆ ಒಂದು ಗಂಟೆ ತಡ.

ಅಕ್ಟೋಬರ್ 26, ಭಾನುವಾರ

ತಮ್ಮನ ಫೋನು.

"ಅಕ್ಕ, ಕೋಣೆ ಖಾಲಿಯಾಯ್ತಂತೆ."

"ಯಾವ ಕೋಣೆ?"

"ಆರೈಕೆ ಮನೇದು. ನೀನೇ ಅಲ್ವಾ ಅರ್ಜಿ ಬರೆದಿದ್ದು?"

ನಾನೇ. ಗುರುವಾರ ಸಂಜೆ ಬರುತ್ತಾನಂತೆ. ಶುಕ್ರವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಅಮ್ಮನನ್ನು ಕರೆದುಕೊಂಡು ಹೋಗುವುದಂತೆ. ಬಾರದಿದ್ದರೆ ಕೋಣೆ ಬೇರೆಯವರಿಗೆ ಹೋಗುತ್ತದಂತೆ.

"ಈಗ ಬೇಡ ಅನ್ನಬೇಡ ಅಕ್ಕ. ಆಗ ನಿನ್ನ ದನಿ ಹೇಗಿತ್ತು ಗೊತ್ತಾ? ನಿನ್ನನ್ನೂ ಕಳಕೊಳ್ತೀನಿ ಅಂತ ಹೆದರಿದ್ದೆ."

ಫೋನ್ ಇಟ್ಟು ಅಮ್ಮನ ಬಟ್ಟೆ ಮಡಚಲು ಕೂತೆ. ಒಂದೇ ಸೀರೆಯನ್ನು ಮೂರು ಸಲ ಮಡಚಿದೆ.

ಅಕ್ಟೋಬರ್ 30, ಗುರುವಾರ

ಸಭಾಂಗಣ ತುಂಬಿತ್ತು. ಜನರ ಕಾಲು, ಚೀಲ ಎಲ್ಲ ನಡುದಾರಿಯಲ್ಲಿ. ಭೌತಶಾಸ್ತ್ರದ ಪ್ರೊಫೆಸರೂ ಬಂದಿದ್ದರು, ಎರಡನೆಯ ಸಾಲು. ಅಂಚೆಯಣ್ಣ ನಾಯಿಗಳ ಸ್ವಭಾವದ ಬಗ್ಗೆ ಮಾತಾಡಿದರು. ಮೈಕಣ್ಣ ಮೌನಕ್ಕೂ ಒಂದು ಸದ್ದಿದೆ ಅಂತ ಕೇಳಿಸಿ ತೋರಿಸಿದ. ಮೂರನೆಯವಳು ನಾನು. ಹನ್ನೊಂದು ವರ್ಷ ನೀರಿಟ್ಟ ಮೇಜಿನ ಹಿಂದೆ ನಿಂತು ನೋಡಿದರೆ ಜನರ ಮುಖಗಳು ನೀರಿನೊಳಗಿನ ಕಲ್ಲುಗಳ ಹಾಗೆ ಕಂಡವು. ಅಷ್ಟರಲ್ಲಿ ಬಾಗಿಲು ತೆಗೆದು ತಮ್ಮ ಒಳಗೆ ಬಂದ, ಭುಜಕ್ಕೆ ಚೀಲ. ಕೊನೆಯ ಸಾಲಿನಲ್ಲಿ ನಿಂತುಕೊಂಡ.

ಅವನನ್ನು ನೋಡಿದ ಮೇಲೆ ಇದೇ ಕೊನೆಯ ಸಲ ಅನ್ನಿಸಿತು. ಅಮ್ಮನೊಬ್ಬಳಿಗೇ ಹೇಳತೊಡಗಿದೆ.

ತೋಡಿದ, ತೋಡಿದ. "ಹೂಂ." ಏಳಾಳುದ್ದ. "ಹೂಂ." ಕೆಳಗಿನಿಂದ ಠಕ್, ಠಕ್. ಈಗ ಅಮ್ಮನ ಜೊತೆ ಮೊದಲ ಸಾಲಿನವರೂ ಸಣ್ಣಗೆ ಹೂಂಗುಟ್ಟುತ್ತಿದ್ದರು. ನಡುವಿನ ಮಣ್ಣು ಕುಸಿಯಿತು. ಇಬ್ಬರೂ ಎದುರುಬದುರಾದರು, ಇವನ ತಲೆ ಮೇಲೆ, ಅವನ ತಲೆ ಕೆಳಗೆ.

"ಆಗ ಇಬ್ಬರೂ ಗುದ್ದಲಿ ಅದಲು ಬದಲು ಮಾಡಿಕೊಂಡರು" ಅಂದೆ.

"ಅಲ್ಲ."

ಎಲ್ಲಿಂದ ಬಂತು ಅಂತ ನಾನೂ ಸುತ್ತ ನೋಡಿದೆ. ಅಮ್ಮ ಹುಬ್ಬು ಗಂಟಿಕ್ಕಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಏನಂದೆ ಅಮ್ಮ?"

"ಅಲ್ಲ" ಅಂದಳು ಮತ್ತೆ, ಇನ್ನೂ ಸಿಟ್ಟಾಗಿ.

ಮೇಜು ಬಿಟ್ಟು ವೇದಿಕೆಯ ಅಂಚಿಗೆ ಬಂದೆ. "ಮತ್ತೇನು ಬದಲಾಯಿಸಿಕೊಂಡರು? ಟೊಪ್ಪಿಗೆ?" "ಅಲ್ಲ." ಅಂಚೆಯಣ್ಣ ಎದ್ದರು. "ಕಾಗದ ಕೊಟ್ಟಿರಬೇಕಮ್ಮ, ಮೇಲಿನೋರಿಗೆ ತಲುಪಿಸೋಕೆ." "ಅಲ್ಲ." ಮಣ್ಣಿನ ಮೇಡಂ ಒಂದು ಹಿಡಿ ಮಣ್ಣು ಅಂದರು. ಅವರಿಗೆ ಸ್ವಲ್ಪ ಮೆತ್ತಗೆ, "ಅಲ್ಲ." ಭೌತಶಾಸ್ತ್ರದ ಪ್ರೊಫೆಸರು ಶಾಲೆಯ ಹುಡುಗನ ಹಾಗೆ ಕೈ ಎತ್ತಿದರು. "ಜಾಗ ಬದಲಾಯಿಸಿಕೊಂಡ್ರಾ? ಇವನು ಆ ಕಡೆ, ಅವನು ಈ ಕಡೆ?" ಅಮ್ಮ ಅವರನ್ನು ಅರೆಗಳಿಗೆ ನೋಡಿದಳು. "ಅಲ್ಲ!" ಸಭೆಗೆ ಸಭೆಯೇ ನಕ್ಕಿತು. ಈ ಸಲ ಅವರೂ ನಕ್ಕರು. ಮೂಲೆಮೂಲೆಯಿಂದ ಜನ ಕೂಗತೊಡಗಿದರು. ಬುತ್ತಿ! ಹೆಸರು! ನೆರಳು! ಎಲ್ಲಕ್ಕೂ ಅಲ್ಲ, ಅಲ್ಲ, ಅಲ್ಲ.

ಆಗ ನನಗೆ ಹೊಳೆಯಿತು. ಈ ಕಥೆಯ ಕೊನೆ ನಾನು ಕೇಳಿಯೇ ಇಲ್ಲ. ನಡುವಿನ ಮಣ್ಣು ಕುಸಿಯುವಷ್ಟರಲ್ಲಿ ನನಗೆ ಯಾವಾಗಲೂ ನಿದ್ದೆ. ಕೊನೆತನಕ ಹೂಂಗುಟ್ಟುತ್ತಿದ್ದವನು ಒಬ್ಬನೇ.

ಕೊನೆಯ ಸಾಲಿನಲ್ಲಿ ತಮ್ಮ ಕೈ ಎತ್ತಿದ್ದ. ಕೈ ಎತ್ತಿದವರನ್ನು ಕಂಡರೆ ನನ್ನ ಕಾಲು ನಿಲ್ಲುವುದಿಲ್ಲ. ವೇದಿಕೆ ಇಳಿದು ಮೈಕು ಹಿಡಿದು ಓಡಿದೆ.

ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಏನೂ ಬದಲಾಯಿಸಿಕೊಳ್ಳಲಿಲ್ಲ. ಕೊಡೋಕೆ ಇಬ್ಬರ ಹತ್ರಾನೂ ಏನೂ ಇರಲಿಲ್ಲ" ಅಂದ. "ಅಲ್ಲೇ ಕೂತ್ಕೊಂಡ್ರು. ನಂಗೆ ಸಾಕಾಗಿದೆ ಕಣೋ ಅಂದ ಮೇಲಿನವನು. ನಂಗೂ ಸಾಕಾಗಿದೆ ಕಣೋ ಅಂದ ಕೆಳಗಿನವನು. ಅಷ್ಟು ಹೇಳೋ ಹೊತ್ತಿಗೆ ಇಬ್ಬರ ಕಾಲೂ ಒದ್ದೆಯಾಗಿತ್ತು."

ಎಲ್ಲರೂ ಅಮ್ಮನನ್ನು ನೋಡಿದರು.

"ಹೂಂ" ಅಂದಳು ಅಮ್ಮ.

ಅಕ್ಟೋಬರ್ 31, ಶುಕ್ರವಾರ

ಬೆಳಿಗ್ಗೆಯಿಂದ ಅದೊಂದೇ ಮಾತು. ತಮ್ಮ ಚಹಾ ಕೊಟ್ಟರೆ ಅಲ್ಲ. ಕಿಟಕಿ ತೆಗೆದರೆ ಅಲ್ಲ. ಅವನು ಅಮ್ಮನಿಗೆ ಸ್ವೆಟರು ಹಾಕಲು ಹೋಗಿ ತೋಳಿನಲ್ಲಿ ತಲೆ ಸಿಕ್ಕಿಸಿದಾಗ, ಒಳಗಿನಿಂದಲೇ, ಅಲ್ಲ.

"ಐದು ತಿಂಗಳು ಸುಮ್ಮನಿದ್ದು ಬಾಯಿ ಬಿಟ್ಟಿದ್ದು ಬೈಯೋಕೆ ನೋಡು" ಅಂದ.

ಡಾಕ್ಟರು ಇದನ್ನು ಮಾತು ಅಂತ ಒಪ್ಪಿಕೊಂಡಿದ್ದಾರೆ. ಸೋಮವಾರ ಕರೆದುಕೊಂಡು ಬನ್ನಿ, ಮಾತು ಕಲಿಸುವವರಿಗೆ ತೋರಿಸೋಣ ಅಂದರು.

ಹತ್ತರ ಬಸ್ಸು ನಮ್ಮ ಬೀದಿಯ ಕೊನೆಯಲ್ಲಿ ತಿರುಗುತ್ತದೆ. ತಿರುಗಿದ್ದು ಕೇಳಿಸಿತು. ಮೂವರೂ ಅಡುಗೆ ಮನೆಯಲ್ಲಿ ಕೂತಿದ್ದೆವು. ಇಲ್ಲಿ ನಮ್ಮ ಜೊತೆ ಇರಲು ವಾರದ ರಜೆಯನ್ನು ಬುಧವಾರ, ಗುರುವಾರಕ್ಕೆ ಬದಲಾಯಿಸಿಕೊಡಿ ಅಂತ ಕೇಳಲು ತಮ್ಮ ತನ್ನ ಕಚೇರಿಗೆ ಅರ್ಜಿ ಬರೆಯುತ್ತಿದ್ದ. ಅವನ ಕಣ್ಣ ಕೆಳಗೆ ಇಷ್ಟು ಕಪ್ಪಾಗಿದೆ ಅಂತ ಫೋನಿನಲ್ಲಿ ನನಗೆ ಹೇಗೆ ಗೊತ್ತಾಗಬೇಕು?

ಆರೈಕೆ ಮನೆಗೆ ನಾನೇ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಒಳ್ಳೆಯವಳು.

"ಬರೋದಿಲ್ಲ ಅಂತೀರಾ? ಸರಿ. ಅರ್ಜಿ ವಾಪಸ್ ತಗೊಳ್ಳೋಕೆ ಒಂದು ಕಾರಣ ಬರೀಬೇಕು. ಏನಂತ ಬರೀಲಿ?"

ಒಳಗೆ ತಮ್ಮ ಏನೋ ಓದಿ ಹೇಳುತ್ತಿದ್ದ, ಅಮ್ಮ ಒಪ್ಪುತ್ತಿರಲಿಲ್ಲ.

"ಮನೆಯಲ್ಲಿ ಜನ ಇದ್ದಾರೆ ಅಂತ ಬರ್ಕೊಳ್ಳಿ" ಅಂದೆ.